ಹೈಡ್ರೋಜನ್ ಒಲೆ ಹಚ್ಚಲು ಹೋಗಿ ಕಲಿತ ಲೆಕ್ಕ

ನಮ್ಮಮ್ಮ ಮೂವತ್ತು ವರ್ಷ ಕಟ್ಟಿಗೆ ಒಲೆ ಊದಿದವರು. ಈಗಲೂ ಚಳಿಗಾಲ ಬಂದರೆ ಕೆಮ್ಮು ಬಿಡುವುದಿಲ್ಲ. ಹಾಗಾಗಿ ಹೊಗೆ ಇಲ್ಲದ ಒಲೆ ಅಂದರೆ ನನಗೆ ತುಂಬಾ ಆಸೆ.

2024ರಲ್ಲಿ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಸಿಕ್ಕಿತು. ದಾವಣಗೆರೆಯ ನಮ್ಮ ಮನೆ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದೆ. ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ಆ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಅದರಲ್ಲೇ ಅಡುಗೆ ಮಾಡಿದರೆ? ಉರಿದಾಗ ಇಂಗಾಲವಿಲ್ಲ, ಹೊಗೆಯಿಲ್ಲ, ಹೊರಬರುವುದು ನೀರಿನ ಆವಿ.

ನಾನು ಫಿಸಿಕ್ಸ್ ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ಹೈಡ್ರೋಜನ್ ತಯಾರಿಸುವ ಪುಟ್ಟ ಯಂತ್ರವಿದೆ. 150 ವಾಟ್ ಕೊಟ್ಟರೆ ನಿಮಿಷಕ್ಕೆ 300 ಮಿಲಿ ಲೀಟರ್ ಗ್ಯಾಸ್. ಬೆಂಕಿ ಕೊಳವೆಯೊಳಗೆ ಹಿಂದಕ್ಕೆ ಹೋಗದಂತೆ ತಡೆಯುವ ಸಾಧನ ಹಾಕಿ, ಬಯಲಲ್ಲಿ ಹಚ್ಚಿದೆವು. ಬಿಸಿಲಲ್ಲಿ ಜ್ವಾಲೆ ಕಾಣಲೇ ಇಲ್ಲ. ಕಾಗದದ ಚೂರು ಹಿಡಿದಾಗ ಹತ್ತಿಕೊಂಡಿತು, ಆಗಲೇ ಗೊತ್ತಾಗಿದ್ದು. ಈ ಗ್ಯಾಸಿಗೆ ವಾಸನೆಯೂ ಇಲ್ಲ. ಅಮ್ಮ ಓಡಾಡುವ ಅಡುಗೆಮನೆ ನೆನೆದು ನನಗೆ ನಿಜಕ್ಕೂ ಭಯವಾಯಿತು. ಅರ್ಧ ಗಂಟೆ ಕಾದರೂ ಒಂದು ಲೋಟ ನೀರು ಕುದಿಯಲಿಲ್ಲ. ಯಂತ್ರ ತಿಂದ ಕರೆಂಟಿನಲ್ಲಿ ಮೂರನೇ ಒಂದು ಪಾಲು ಮಾತ್ರ ಗ್ಯಾಸಿನಲ್ಲಿ ಉಳಿದಿತ್ತು.

ಪುಟ್ಟ ಯಂತ್ರ, ಹಾಗಾಗಿ ನಷ್ಟ ಜಾಸ್ತಿ ಅಂದುಕೊಂಡು ದೊಡ್ಡ ಯಂತ್ರಗಳ ಲೆಕ್ಕ ಹಾಕಿದೆ. ಅವುಗಳಿಗೂ 1 ಕೆ.ಜಿ. ಹೈಡ್ರೋಜನ್‌ಗೆ ಸುಮಾರು 55 ಯೂನಿಟ್ ಬೇಕು. 14.2 ಕೆ.ಜಿ. ಎಲ್‌ಪಿಜಿ ಸಿಲಿಂಡರಿನ ಶಾಖಕ್ಕೆ ಸಮನಾಗಲು ಸುಮಾರು 5.4 ಕೆ.ಜಿ. ಹೈಡ್ರೋಜನ್, ಅಂದರೆ ಹತ್ತಿರ ಹತ್ತಿರ 300 ಯೂನಿಟ್. ಅಷ್ಟೇ ಅಡುಗೆಯನ್ನು ಇಂಡಕ್ಷನ್ ಒಲೆ 140 ಯೂನಿಟ್‌ನಲ್ಲಿ ಮುಗಿಸುತ್ತದೆ! ಸಾಲದ ಬಡ್ಡಿ ಎಲ್ಲ ಸೇರಿಸಿ ನನ್ನ ಸೋಲಾರ್ ಯೂನಿಟ್ಟಿಗೆ ಎರಡೂವರೆ ರೂಪಾಯಿ ಬೀಳುತ್ತದೆ. ಹೈಡ್ರೋಜನ್‌ಗೆ ಕರೆಂಟೇ 750 ರೂಪಾಯಿ, ಇಂಡಕ್ಷನ್‌ಗೆ 350. ಗ್ಯಾಸ್ ಮಾಡುವ ಯಂತ್ರ, ಕಂಪ್ರೆಸರ್, ಟ್ಯಾಂಕ್ ಬೆಲೆ ಇದರಲ್ಲಿ ಸೇರಿಲ್ಲ.

ಟ್ಯಾಂಕಿನದ್ದೇ ದೊಡ್ಡ ತೊಡಕು. ಸಾಮಾನ್ಯ ಒತ್ತಡದಲ್ಲಿ 1 ಕೆ.ಜಿ. ಹೈಡ್ರೋಜನ್‌ಗೆ 12,000 ಲೀಟರ್ ಜಾಗ ಬೇಕು, ಬೀದಿಗೆ ಬರುವ ನೀರಿನ ಟ್ಯಾಂಕರಿನಷ್ಟು. ಎಲ್‌ಪಿಜಿ ಸ್ವಲ್ಪ ಒತ್ತಿದರೆ ದ್ರವವಾಗುತ್ತದೆ. ಹೈಡ್ರೋಜನ್ ದ್ರವವಾಗಬೇಕಾದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು. ಮನೆಯಲ್ಲಿ ಆಗುವ ಮಾತಲ್ಲ, ಅಲ್ವಾ? ಇಂಡಕ್ಷನ್ ಆದರೆ ಬಿಸಿಲಿಲ್ಲದ ರಾತ್ರಿ ಅಡುಗೆಗೆ ಏನು ಮಾಡುವುದು ಅಂತ ಕೇಳಬಹುದು. ಹಗಲು ಉಳಿದ ಕರೆಂಟ್ ನೆಟ್ ಮೀಟರ್ ಮೂಲಕ ಲೈನಿಗೆ ಹೋಗುತ್ತದೆ, ರಾತ್ರಿ ಅಷ್ಟನ್ನು ವಾಪಸ್ ಬಳಸುತ್ತೇವೆ.

ಹೈಡ್ರೋಜನ್ ಬೇಡ ಅಂತ ನಾನು ಹೇಳುತ್ತಿಲ್ಲ. ಯೂರಿಯಾದಂಥ ಗೊಬ್ಬರ ಮಾಡಲು ಅದು ಬೇಕೇ ಬೇಕು. ಅದನ್ನು ಈಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಸೋಲಾರ್ ಹೈಡ್ರೋಜನ್ ಮೊದಲು ಅಲ್ಲಿಗೆ ಹೋಗಲಿ.

ನಾವು ಇಂಡಕ್ಷನ್ ಒಲೆ ತಂದೆವು. ಅನ್ನ, ಸಾರು, ಹಾಲು, ಚಹಾ ಎಲ್ಲ ಅದರ ಮೇಲೇ. ಜೋಳದ ರೊಟ್ಟಿಗೆ ಮಾತ್ರ ಅಮ್ಮನಿಗೆ ಉರಿಯೇ ಬೇಕು. ತವಾದಿಂದ ಎತ್ತಿ ಬೆಂಕಿ ಮೇಲಿಟ್ಟರೇ ರೊಟ್ಟಿ ಉಬ್ಬುವುದು ಅನ್ನುತ್ತಾರೆ. ಅದಕ್ಕೆ ಗ್ಯಾಸ್ ಇಟ್ಟುಕೊಂಡಿದ್ದೇವೆ. ಮೊದಲು ನಲವತ್ತೈದು ದಿನಕ್ಕೆ ಖಾಲಿಯಾಗುತ್ತಿದ್ದ ಸಿಲಿಂಡರ್ ಈಗ ನಾಲ್ಕು ತಿಂಗಳು ಬರುತ್ತಿದೆ.