ಸುಕ್ಕೋ, ನಿರಿಗೆಯೋ?

ಚಾವಣಿಗೆ ಹೊದಿಸುವ, ಉಬ್ಬುತಗ್ಗುಗಳ ಸಾಲಿರುವ ಕಾರುಗೇಟೆಡ್ ತಗಡಿನ ಜೋಡಣೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ, ನಿಘಂಟಿನಲ್ಲಿ ಸಿಕ್ಕ ‘ಸುಕ್ಕುಗಟ್ಟಿದ’ ಎಂಬ ಪದವನ್ನೇ ಹಿಂದುಮುಂದು ನೋಡದೆ ಬಳಸಿದ್ದೆ. ಕರಡನ್ನು ಓದಿದ ಕೆಲಸಗಾರರೊಬ್ಬರು, ‘ತಗಡು ಸುಕ್ಕಾಗಿದ್ದರೆ ವಾಪಸ್ ಕಳಿಸಬೇಕಲ್ಲವೇ ಸಾರ್, ಹೊದಿಸುವುದೇಕೆ?’ ಎಂದು ಕೇಳಿದರು.

ನಿಘಂಟನ್ನು ದೂರುವಂತಿಲ್ಲ. ‘ಕಾರುಗೇಟೆಡ್’ ಪದದ ಮೂಲ ಲ್ಯಾಟಿನ್ನಿನ ‘ರೂಗಾ’, ಅಂದರೆ ಸುಕ್ಕು. ಹುಬ್ಬು ಗಂಟಿಕ್ಕುವ ಸ್ನಾಯುವನ್ನು ವೈದ್ಯರು ಇಂದಿಗೂ ‘ಕಾರುಗೇಟರ್’ ಎನ್ನುತ್ತಾರೆ. ಆದರೆ 1829ರಲ್ಲಿ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಇಂಥ ಕಬ್ಬಿಣದ ತಗಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಹಣೆಯ ಮೇಲಿದ್ದ ಪದ ಹೀಗೆ ಚಾವಣಿಗೇರಿತು. ಸುಕ್ಕು ತಾನಾಗಿ, ಅಡ್ಡಾದಿಡ್ಡಿಯಾಗಿ ಬೀಳುವಂಥದ್ದು. ತಗಡಿನ ಉಬ್ಬುತಗ್ಗುಗಳಾದರೋ ಬೇಕೆಂದೇ, ಒಂದೇ ಅಳತೆಯಲ್ಲಿ, ಸಾಲಾಗಿ ಮೂಡಿಸಿದವು.

ವ್ಯತ್ಯಾಸವನ್ನು ಕೈಯಾರೆ ನೋಡೋಣವೆಂದು ಒಂದು ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟೆ; ಅದು ತನ್ನ ಭಾರಕ್ಕೇ ಜೋತುಬಿತ್ತು. ಅದೇ ಹಾಳೆಯನ್ನು ಬೆರಳಗಲದ ಮಡಿಕೆಗಳಾಗಿ ಮಡಿಸಿ, ಮಡಿಕೆಗಳು ಪುಸ್ತಕದಿಂದ ಪುಸ್ತಕಕ್ಕೆ ಹಾಯುವಂತೆ ಇಟ್ಟಾಗ ಕೈಗಡಿಯಾರವನ್ನು ಹೊತ್ತು ನಿಂತಿತು. ಅಡ್ಡಲಾಗಿ ತಿರುಗಿಸಿದೊಡನೆ ಮತ್ತೆ ಕುಸಿಯಿತು. ಬಲವಿರುವುದು ಮಡಿಕೆಯ ಉದ್ದಕ್ಕೆ ಮಾತ್ರ. ಆದ್ದರಿಂದ ನಾನು ಆರಿಸುವ ಪದ ದಿಕ್ಕನ್ನೂ ಸೂಚಿಸಬೇಕಿತ್ತು.

‘ಅಲೆಯಾಕಾರದ’ ಎಂಬುದು ಚೆಂದದ ಪದವೇ, ಆದರೆ ಚಪ್ಪಟೆ ನೆತ್ತಿಯ ತಗಡುಗಳಿಗೆ ಹೊಂದುವುದಿಲ್ಲ. ಕೊನೆಗೆ ‘ನಿರಿಗೆ’ಯನ್ನು ಆರಿಸಿಕೊಂಡೆ. ಬಟ್ಟೆಯ ನಿರಿಗೆ ಒಂದರ ಮೇಲೊಂದು ಮಲಗುತ್ತದೆ, ತಗಡಿನದು ಹಾಗಲ್ಲ ಎಂಬ ಆಕ್ಷೇಪ ನನಗೂ ಗೊತ್ತು. ಆದರೂ ಅಳತೆ, ಸಾಲು, ದಿಕ್ಕು ಮೂರೂ ಅದರಲ್ಲಿವೆ.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಕ್ರೂ ಎಲ್ಲಿ ಹಾಕಬೇಕೆಂದು ಹೇಳುವಾಗ ನಿರಿಗೆಯ ಉಬ್ಬಿಗೂ ತಗ್ಗಿಗೂ ಬೇರೆ ಬೇರೆ ಹೆಸರು ಬೇಕಾಯಿತು. ಉಬ್ಬಿಗೆ ‘ಏಣು’, ತಗ್ಗಿಗೆ ‘ತೋಡು’ ಎಂದಿಟ್ಟು ಹೀಗೆ ತಿದ್ದಿದೆ: ‘ನಿರಿಗೆಗಳು ಇಳಿಜಾರಿನ ಉದ್ದಕ್ಕೆ ಇರಲಿ, ನೀರು ಹರಿಯುವ ತೋಡಿನಲ್ಲಿ ತೂತು ಕೊರೆಯದೆ, ಏಣಿನ ಮೇಲೆ ಸ್ಕ್ರೂ ಹಾಕಿರಿ.’

ಇನ್ನು ರಟ್ಟಿನ ಪೆಟ್ಟಿಗೆಯ ವಿಷಯ: ಅದರ ನಿರಿಗೆ ಎರಡು ಸಪಾಟು ಹಾಳೆಗಳ ನಡುವೆ ಅಡಗಿದ್ದು, ಕತ್ತರಿಸಿದ ಅಂಚಿನಲ್ಲಷ್ಟೇ ಕಾಣುತ್ತದೆ. ಅಲ್ಲಿ ‘ನಿರಿಗೆ ಪೆಟ್ಟಿಗೆ’ ಎಂದರೆ ಓದುಗರಿಗೆ ಏನೂ ಹೊಳೆಯದು. ‘ಕಾರುಗೇಟೆಡ್ ಬಾಕ್ಸ್’ ಎಂದೇ ಬಿಟ್ಟಿದ್ದೇನೆ.