ಜಪಾನಿನ ನಗರಗಳ ಊಟದ ಲೆಕ್ಕ ಹೋಲಿಸೋದು ಹೇಗೆ?

ಜಪಾನ್ ಸರ್ಕಾರದ ಅಂಕಿಅಂಶ ವಿಭಾಗ ಮನೆಖರ್ಚಿನ ಸಮೀಕ್ಷೆ ನಡೆಸುತ್ತದೆ. ಅದರ ನಗರವಾರು ಪಟ್ಟಿ ಇಳಿಸಿಕೊಳ್ಳಿ, 52 ನಗರಗಳು ಸಿಗುತ್ತವೆ. ಒಂದೇ ವರ್ಷದ ಅಂಕಿ ನಂಬಬೇಡಿ. ಒಂದೊಂದು ಊರಲ್ಲಿ ಲೆಕ್ಕ ಕೊಡುವ ಮನೆಗಳೇ ಕಮ್ಮಿ, ಸ್ಥಾನ ಸುಮ್ನೆ ಏರಿಳಿಯುತ್ತದೆ, ಅದಕ್ಕೇ 3 ವರ್ಷದ ಸರಾಸರಿ ತಗೊಳ್ಳಿ.

ಗ್ಯೋಜಾ, ಅಂದರೆ ಮಾಂಸ-ತರಕಾರಿ ತುಂಬಿದ ಜಪಾನಿ ಕಡುಬು, ಅದನ್ನೇ ನೋಡಿ. ಮೊದಲ ಸ್ಥಾನಕ್ಕೆ ಉತ್ಸುನೋಮಿಯಾ, ಹಮಾಮಾತ್ಸು, ಮಿಯಾಜಾಕಿ ನಡುವೆ ಜೋರು ಪೈಪೋಟಿ, ಆದರೆ ಆ ಲೆಕ್ಕದಲ್ಲಿ ಹೋಟೆಲಲ್ಲಿ ತಿಂದದ್ದೂ ಇಲ್ಲ, ಫ್ರೋಜನ್ ಪ್ಯಾಕೆಟ್ಟೂ ಇಲ್ಲ! ಹಾಗಾಗಿ 'ಜಾಸ್ತಿ ತಿನ್ನುವ ಊರು' ಅಂತ ಬರೆಯಬೇಡಿ, 'ಮನೆಗೆ ಜಾಸ್ತಿ ಕೊಳ್ಳುವ ಊರು' ಅನ್ನಿ.

ಯೆನ್ ಖರ್ಚಿನಲ್ಲಿ ಬೆಲೆಯೂ ಬೆರೆತಿರುತ್ತದೆ ಅಲ್ವಾ? ಮೀನಿಗೆ ತೂಕದ ಅಂಕಿಯೂ ಇದೆ, ಅದನ್ನೇ ಹಿಡಿಯಿರಿ. ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ, ದೇಶದ ಸರಾಸರಿಯನ್ನು 100 ಅಂತ ಇಟ್ಟುಕೊಂಡರೆ ಶಿಜುಒಕಾ ನಗರದ ಟ್ಯೂನಾ ಮೀನಿನ ಹುಚ್ಚು ಥಟ್ಟನೆ ಕಾಣುತ್ತದೆ.