ಎರೆಮಣ್ಣಿನ ರಾಡಿ ತಿಂದ ಅಲ್ಯೂಮಿನಿಯಂ ದೋಣಿ: ಮನೆಯಂಗಳದಲ್ಲೇ ರಿಪೇರಿ ಮಾಡಿದ ಅನುಭವ

ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನಿನ ಕೈಪಿಡಿ ತೆರೆದರೆ ಪುಟಪುಟಕ್ಕೂ ಉಪ್ಪುನೀರಿನ ಎಚ್ಚರಿಕೆ. ನಮ್ಮದು ಸಿಹಿನೀರು, ನಮಗೇನು ಚಿಂತೆ ಎನ್ನುವವರೇ ಇಲ್ಲಿ ಹೆಚ್ಚು. ಆಲಮಟ್ಟಿ ಹಿನ್ನೀರಿನಲ್ಲಿ ಓಡಿದ ದೋಣಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ಇಲ್ಲಿ ಕೇಡು ಮಾಡುವುದು ಎರಡು: ಎರೆಮಣ್ಣಿನ ರಾಡಿ, ಮತ್ತು ಕಿವಿರು ಬಲೆಯ ನೈಲಾನ್ ದಾರ. ನಾನು ರಿಪೇರಿ ಮಾಡಿದ್ದು 14 ಅಡಿಯ, ರಿವೆಟ್ ಹೊಡೆದ ದೋಣಿ. ಅದಕ್ಕೆ ಯಮಹಾ 15 ಎಚ್‌ಪಿ, ಎರಡು ಸಿಲಿಂಡರಿನ 246 ಸಿಸಿ ಟೂ-ಸ್ಟ್ರೋಕ್ ಎಂಜಿನ್. ವರ್ಷಗಟ್ಟಲೆ ಬಾಗಲಕೋಟೆಯ ದಂಡೆಯಲ್ಲಿ ಮಣ್ಣು ತುಂಬಿಕೊಂಡು ಬಿದ್ದಿತ್ತು.

ಹಳೇ ಎಂಜಿನ್ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಹಗ್ಗ ಎಳೆದು ನೋಡುತ್ತಾರೆ. ಅದನ್ನು ಮಾಡಬೇಡಿ. ತಣಿಸುವ ನೀರನ್ನು ಎತ್ತುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಒಣಗಿದ್ದರೆ ಹರಿಯುತ್ತದೆ, ತುಕ್ಕು ಹಿಡಿದ ಪಿಸ್ಟನ್ ರಿಂಗು ಸಿಲಿಂಡರನ್ನು ಗೀರುತ್ತದೆ. ಹಗ್ಗಕ್ಕೆ ಕೈ ಹಾಕುವುದು ಕಟ್ಟಕಡೆಗೆ. ಮೊದಲು ದೋಣಿ.

ನೆಲಹಲಗೆ ಕಿತ್ತು, ಕೆಳಗೆ ಗಟ್ಟಿಯಾದ ರಾಡಿಯನ್ನು ನೀರು ಬಿಟ್ಟು ನೆನೆಸಿ, ಮರದ ಚಕ್ಕೆಯಿಂದ ಎಬ್ಬಿಸಿದೆ. ಕಬ್ಬಿಣದ ತಂತಿ ಬ್ರಷ್ ಬೇಡವೇ ಬೇಡ. ಅದರ ಕಣಗಳು ಅಲ್ಯೂಮಿನಿಯಂ ಒಳಗೆ ಸಿಕ್ಕಿಕೊಂಡು, ಮುಂದೆ ಅಲ್ಲಲ್ಲೇ ತುಕ್ಕಿನ ಚುಕ್ಕೆ ಹುಟ್ಟಿಸುತ್ತವೆ. ನೈಲಾನ್ ಅಥವಾ ಸ್ಟೇನ್‌ಲೆಸ್ ಬ್ರಷ್ ಸಾಕು. ಹಳೇ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಹಾಕುವ ಅಭ್ಯಾಸವಿದೆ. ಅದು ಬಣ್ಣದ ಜೊತೆ ತಗಡನ್ನೂ ತಿನ್ನುತ್ತದೆ, ಬುರುಬುರು ಎಂದು ಹೈಡ್ರೋಜನ್ ಏಳುತ್ತದೆ.

ಮಣ್ಣು ಹೋದ ಮೇಲೆ ಕಂಡದ್ದು ಬಿಳಿ ಪುಡಿ ತುಂಬಿದ ಸಣ್ಣ ಸಣ್ಣ ಗುಳಿ. ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರ ಹೆಚ್ಚುಕಡಿಮೆ 4ರಿಂದ 8.5 ಪಿಎಚ್‌ವರೆಗೆ ಮಾತ್ರ ಗಟ್ಟಿ. ನಮ್ಮ ಎರೆಮಣ್ಣು ಮೊದಲೇ ಕ್ಷಾರದ ಕಡೆ ವಾಲಿದ್ದು. ಕೃಷ್ಣೆ, ಘಟಪ್ರಭೆಯ ದಂಡೆಯ ಸವಳು-ಜವಳು ಹೊಲಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲದ್ದಕ್ಕೆ ಈ ರಾಡಿ ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ, ಗಾಳಿ ಆಡಲು ಬಿಡುವುದಿಲ್ಲ. ಆಮ್ಲಜನಕ ಸಿಗದೆ ಆ ಪದರ ಮತ್ತೆ ಕಟ್ಟುವುದಿಲ್ಲ. ಹಾಗಾಗಿ ಗುಳಿಗಳೆಲ್ಲ ನೆಲಹಲಗೆಯ ಕೆಳಗೆ, ಒಳಮೈಯಲ್ಲೇ ಇದ್ದವು. ಹೊರಮೈ ಚೆನ್ನಾಗಿದೆ ಎಂದು ದೋಣಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ವರ್ನಿಯರಿನ ಹಿಂದಿನ ಕಡ್ಡಿಯಿಂದ ಒಂದೊಂದು ಗುಳಿಯ ಆಳ ಅಳೆದೆ. ತಗಡು 2 ಮಿಮೀ. 0.6 ಮಿಮೀ ಒಳಗಿನವನ್ನು ಕೆರೆದು ಎಪಾಕ್ಸಿ ತುಂಬಿದೆ, ಅದಕ್ಕಿಂತ ಆಳವಿದ್ದ ಎರಡು ಜಾಗಕ್ಕೆ ತೇಪೆ. ತೇಪೆಗೆ 5052 ದರ್ಜೆಯ ಅಲ್ಯೂಮಿನಿಯಂ ತಗಡು, 2 ಮಿಮೀ, ಸುತ್ತಲೂ 40 ಮಿಮೀ ಹೆಚ್ಚು ಬಿಟ್ಟು ಕತ್ತರಿಸಿ, ಮೂಲೆಗಳನ್ನು ದುಂಡಾಗಿ ಅರೆದೆ. ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಶುರು. ನಡುವೆ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, 25 ಮಿಮೀಗೆ ಒಂದರಂತೆ ರಿವೆಟ್ ಹೊಡೆದೆ. ಹುಳಿ ವಾಸನೆಯ ಅಗ್ಗದ ಸಿಲಿಕೋನ್ ಕೈಗೆತ್ತಿಕೊಳ್ಳಬೇಡಿ. ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ಅಲ್ಯೂಮಿನಿಯಂಗೆ ಒಳ್ಳೆಯದಲ್ಲ, ಹಿಡಿತವೂ ಕಡಿಮೆ.

ಸೋರುವ ರಿವೆಟ್ ಹುಡುಕಲು ದೋಣಿಯನ್ನು ಹೊಳೆಗೆ ಒಯ್ಯಬೇಕಿಲ್ಲ, ಒಳಗೆ ನೀರು ತುಂಬಿದರಾಯಿತು. ಆದರೆ ಲೆಕ್ಕ ಇರಲಿ. 14 ಅಡಿ ದೋಣಿಯಲ್ಲಿ ನಾಲ್ಕಿಂಚು ನೀರು ಎಂದರೆ ಸುಮಾರು ಅರ್ಧ ಟನ್. ಎರಡು ಸ್ಟೂಲಿನ ಮೇಲೆ ಇಟ್ಟರೆ ತಳ ಬಾಗಿ ಇದ್ದ ರಿವೆಟ್ಟೂ ಸಡಿಲವಾಗುತ್ತವೆ. ಮರಳು ತುಂಬಿದ ಗೋಣಿಚೀಲಗಳನ್ನು ನಡುಪಟ್ಟಿಯ ಉದ್ದಕ್ಕೂ ಒತ್ತಾಗಿ ಇಟ್ಟು, ಕೆಳಗೆ ತಲೆ ತೂರಿಸುವಷ್ಟು ಜಾಗ ಬಿಟ್ಟೆ. ತಳವನ್ನು ಒಣಬಟ್ಟೆಯಿಂದ ಒರೆಸಿ ಸೀಮೆಸುಣ್ಣದ ಪುಡಿ ತೆಳ್ಳಗೆ ಸವರಿದರೆ, ಒದ್ದೆಯಾದ ರಿವೆಟ್ಟಿನ ಸುತ್ತ ಕಪ್ಪು ಉಂಗುರ ಮೂಡುತ್ತದೆ. ಬೆಳಿಗ್ಗೆಯೇ ನೋಡಬೇಕು, ಬಿಸಿಲೇರಿದರೆ ಹನಿ ಬೀಳುವ ಮೊದಲೇ ಆರುತ್ತದೆ. ಹೀಗೆ 23 ರಿವೆಟ್ ಸಿಕ್ಕವು. ಅವುಗಳಲ್ಲಿ 19 ಹಿಂದಿನ ಮೂರನೇ ಒಂದು ಭಾಗದಲ್ಲಿ, ಎಂಜಿನ್ ನಡುಗಿಸುವ ಕಡೆಗೇ.

ಸಡಿಲ ರಿವೆಟ್ ಬಿಗಿಯಲು ಇಬ್ಬರು ಬೇಕು. ಹೊರಗೆ ಒಬ್ಬ ನಾಲ್ಕು ಕೆಜಿಯ ಸಮ್ಮಟಿಗೆಯ ತಲೆಯನ್ನು ರಿವೆಟ್ಟಿಗೆ ಒತ್ತಿ ಹಿಡಿಯಬೇಕು, ಒಳಗಿನವ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ಹಾಕಬೇಕು. ಸದ್ದಿನಲ್ಲೇ ಗೊತ್ತಾಗುತ್ತದೆ: ಸಡಿಲವಿದ್ದರೆ ಡಬ್ಬದ ಸದ್ದು, ಕೂತಾಗ ಕಲ್ಲಿಗೆ ಬಡಿದ ಸದ್ದು. ಆಮೇಲೂ ಸೋರಿದ ಏಳನ್ನು ಕೊರೆದು ತೆಗೆದು ಹೊಸದು ಹಾಕಿದೆ. 4.8 ಮಿಮೀ ರಿವೆಟ್ಟಿಗೆ 4.9 ಮಿಮೀ ತೂತು, ತಗಡಿನಾಚೆ ಉಳಿಯಬೇಕಾದ ಉದ್ದ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಅಂದರೆ 7 ಮಿಮೀಯಷ್ಟು. ಉದ್ದ ಹೆಚ್ಚಾದರೆ ತಲೆ ಕಟ್ಟುವ ಬದಲು ಮಗ್ಗುಲಿಗೆ ಮಲಗುತ್ತದೆ. ಕೈ ಹೋಗದ ಕಡೆ, ಒಂದೇ ಬದಿಯಿಂದ ಹೊಡೆಯುವ ಪಾಪ್ ರಿವೆಟ್ ಅನಿವಾರ್ಯ. ಆಗ ತುದಿ ಮುಚ್ಚಿದ ಜಾತಿಯದ್ದೇ ತನ್ನಿ, ಮಾಮೂಲಿಯದರ ನಡುವಿನ ತೂತಿನಿಂದಲೇ ನೀರು ಬರುತ್ತದೆ.

ಸೀಟಿನ ಬುಡದಲ್ಲಿ ಒಂದು ಬಿರುಕು ಇತ್ತು. ಅದರ ಎರಡೂ ತುದಿಗೆ 3 ಮಿಮೀ ತೂತು ಕೊರೆದು, ಬೆಳಗಾವಿಯ ಉದ್ಯಮಬಾಗದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. "4043 ರಾಡ್ ಐತ್ರಿ ಸರ, ಅದರಾಗ ಹೊಡದ ಕೊಡ್ಲೇನ್ರಿ?" ಎಂದು ಕೇಳುತ್ತಾರೆ. 5052ಕ್ಕೆ ಅದು ಹಿಡಿಯುತ್ತದೆ, ಸುಳ್ಳಲ್ಲ. ಆದರೆ ನಡುಗುವ ಜಾಗಕ್ಕೆ 5356 ರಾಡೇ ಗಟ್ಟಿ. ಅದನ್ನು ನಾವೇ ಒಯ್ದುಕೊಟ್ಟರೆ ಚರ್ಚೆ ಮುಗಿಯಿತು.

ಎಂಜಿನ್ ಕೂರುವ ಹಿಂಬದಿ ಹಲಗೆಗೆ ಟ್ರಾನ್ಸಮ್ ಎನ್ನುತ್ತಾರೆ. ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಒಳಹೋಯಿತು. ಹೊಸದಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ, 18 ಮಿಮೀಯ ಎರಡು ಹಾಳೆ ಅಂಟಿಸಿ 36 ಮಿಮೀ ದಪ್ಪ. ಎಪಾಕ್ಸಿ ಮೂರು ಕೋಟು, ಅಂಚುಗಳಿಗೂ ಬೋಲ್ಟಿನ ತೂತುಗಳ ಒಳಗೋಡೆಗೂ. ನೀರು ಹೋಗುವುದೇ ಆ ತೂತುಗಳಿಂದ. ಏಪ್ರಿಲ್ ಬಿಸಿಲಿನಲ್ಲಿ ಎಪಾಕ್ಸಿ ಕಲಸುವವರು ಬೆಳಿಗ್ಗೆ ಏಳರೊಳಗೆ ಮುಗಿಸಬೇಕು. ಹತ್ತು ಡಿಗ್ರಿ ಏರಿದರೆ ಕೈಗೆ ಸಿಗುವ ಸಮಯ ಅರ್ಧಕ್ಕಿಳಿಯುತ್ತದೆ. ಲೋಟದಲ್ಲಿ ಇಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡಿ ಗಟ್ಟಿಯಾಗುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಿ. ತಾಮ್ರದ ಔಷಧ ಕುಡಿಸಿದ ಹಸಿರು ಮರವನ್ನು ಮಾತ್ರ ಅಲ್ಯೂಮಿನಿಯಂ ಹತ್ತಿರ ತರಬೇಡಿ. ಹಿತ್ತಾಳೆ ಸ್ಕ್ರೂ ಕೂಡ ಬೇಡ, ಒದ್ದೆಯಾದರೆ ತಾಮ್ರ ಉಳಿಯುತ್ತದೆ, ತಗಡು ಕರಗುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೂ ನೈಲಾನ್ ವಾಶರ್ ಮತ್ತು ಸೀಲಂಟ್ ಕೊಟ್ಟೆ.

ಸೀಟಿನೊಳಗಿನ ಫೋಮ್ ತೆಗೆದು ಕಾಟಾದ ಮೇಲಿಟ್ಟೆ. ಐದು ಕೆಜಿ ಇರಬೇಕಾದದ್ದು ನೀರು ಕುಡಿದು 31 ಕೆಜಿ. ಬದಲಿಗೆ ಥರ್ಮಾಕೋಲ್ ತುಂಬುವ ಆಸೆ ಬರುತ್ತದೆ, ಆದರೆ ಪೆಟ್ರೋಲ್ ಚೆಲ್ಲಿದರೆ ಅದು ಕರಗಿ ಅಂಟಾಗುತ್ತದೆ. ಪಾರ್ಸೆಲ್‌ಗೆ ಸುತ್ತುವ ಇಪಿಇ ಫೋಮಿನ ದಪ್ಪ ಹಾಳೆ ತಂದು, 150 ಲೀಟರ್‌ನಷ್ಟು ತುಂಬಿದೆ. 90 ಕೆಜಿಯ ಅಲ್ಯೂಮಿನಿಯಂ ನೀರೊಳಗೆ ಸುಮಾರು 57 ಕೆಜಿ ತೂಗುತ್ತದೆ, ಎಂಜಿನ್ನಿಗೆ ಇನ್ನು ಮೂವತ್ತು ಸೇರಿಸಿ. ಉಳಿದ ಐವತ್ತರವತ್ತು ಕೆಜಿ ತೇಲುಬಲ, ಮಗುಚಿದಾಗ ದೋಣಿ ಹಿಡಿದುಕೊಂಡವರಿಗೆ. ಬಣ್ಣಕ್ಕೆ ಹೆಚ್ಚು ಹೇಳುವುದಿಲ್ಲ: ಲೋಹಕ್ಕೆ ಕಚ್ಚಿ ಹಿಡಿಯುವ ಎಚ್ಚಿಂಗ್ ಪ್ರೈಮರ್, ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಬಣ್ಣ. ಒಳತಳಕ್ಕೆ ಪ್ರೈಮರ್ ಎರಡು ಕೋಟು.

ಈಗ ಎಂಜಿನ್. ಮೊದಲು ಕೆಳಗಿನ ಗೇರ್‌ಕೇಸ್ ಬಿಚ್ಚಿ ಪಕ್ಕಕ್ಕಿಟ್ಟೆ. ಹೀಗೆ ಮಾಡಿದರೆ ಮೇಲೆ ಕ್ರ್ಯಾಂಕ್ ತಿರುಗಿಸುವಾಗ ಇಂಪೆಲ್ಲರಿಗೆ ಪೆಟ್ಟಿಲ್ಲ. ಪ್ಲಗ್ ಕಳಚಿ ಒಂದೊಂದು ಸಿಲಿಂಡರಿಗೆ 20 ಮಿಲೀ ಡೀಸೆಲ್ ಮತ್ತು ಟೂ-ಸ್ಟ್ರೋಕ್ ಆಯಿಲ್ ಸಮಸಮ ಬೆರೆಸಿ ಹಾಕಿ ಮೂರು ದಿನ ಬಿಟ್ಟೆ. ಆಮೇಲೆ ದಿನಾ ಫ್ಲೈವೀಲನ್ನು ಕೈಯಿಂದಲೇ ಅಲುಗಾಡಿಸಿದೆ. ಹಾಗೆ ಮಾಡಿದ ಎರಡನೇ ದಿನ ಬೆರಳಗಲ ಸರಿಯಿತು, ಮೂರನೇ ದಿನ ಪೂರ್ತಿ ಸುತ್ತಿತು. ಪಾನಾ ಹಾಕಿ ಜಗ್ಗಿದ್ದರೆ ರಿಂಗು ಮುರಿಯುತ್ತಿತ್ತು. ಆಮೇಲೆ ಕಂಪ್ರೆಷನ್ ಗೇಜ್: ಥ್ರಾಟಲ್ ಪೂರ್ತಿ ತೆರೆದು, ಎರಡೂ ಪ್ಲಗ್ ಹೊರಗಿಟ್ಟು, ವೈರ್‌ಗಳನ್ನು ಬ್ಲಾಕಿಗೆ ಅರ್ಥ್ ಮಾಡಿ, ಐದು ಎಳೆತ. ಬಂದದ್ದು 108 ಮತ್ತು 112 ಪಿಎಸ್‌ಐ. ಅಂಕಿ ಎಷ್ಟು ಎನ್ನುವುದಕ್ಕಿಂತ ಎರಡರ ನಡುವಿನ ಅಂತರ ಮುಖ್ಯ, ಹತ್ತು ಪರ್ಸೆಂಟ್ ದಾಟಬಾರದು. ವೈರ್ ಅರ್ಥ್ ಮಾಡದೆ ಎಳೆದರೆ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ, ಅಂದರೆ ಸಿಡಿಐ, ಸುಡಬಹುದು, ಅದು ಪ್ಲಗ್ಗಿನಷ್ಟು ಸುಲಭಕ್ಕೆ ಸಿಗುವ ಸಾಮಾನಲ್ಲ.

ಕಿಡಿಯೇ ಬರುತ್ತಿಲ್ಲ ಎಂದು ಕಾಯಿಲ್ ಬದಲಿಸಲು ಹೊರಡುವ ಮುಂಚೆ, ಕೆಂಪು ಸುರಕ್ಷಾ ಹಗ್ಗದ ಕ್ಲಿಪ್ ಸ್ವಿಚ್ಚಿಗೆ ಸಿಕ್ಕಿಸಿದೆಯೇ ನೋಡಿ. ಹಳೇ ಎಂಜಿನ್ ಜೊತೆ ಆ ಕ್ಲಿಪ್ ಬಂದಿರುವುದೇ ಅಪರೂಪ, ಅದಿಲ್ಲದೆ ಕಿಡಿ ಹಾರುವುದಿಲ್ಲ. ಪ್ಲಗ್ ಎನ್‌ಜಿಕೆ ಬಿ7ಎಚ್‌ಎಸ್-10, ಗ್ಯಾಪ್ 1 ಮಿಮೀ.

ಕಾರ್ಬುರೇಟರ್ ಒಳಗೆ ಬೆಲ್ಲದ ಪಾಕದಂಥ ಅಂಟು. ಗಾಳಿ-ಪೆಟ್ರೋಲ್ ಹದ ಮಾಡುವ ಸ್ಕ್ರೂ ತೆಗೆಯುವ ಮೊದಲು ಅದು ಒಳಗೆ ಎಷ್ಟು ಸುತ್ತು ಹೋಗುತ್ತದೆ ಎಣಿಸಿ ಬರೆದಿಟ್ಟುಕೊಂಡೆ. ಜೆಟ್ಟಿನ ತೂತಿಗೆ ಸೂಜಿ ಹಾಕಬೇಡಿ, ವಿದ್ಯುತ್ ವೈರಿನ ತಾಮ್ರದ ಒಂದೇ ಎಳೆ ಸಾಕು. ಈಗ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೆ ಎಥೆನಾಲ್ ಇರುತ್ತದೆ. ನಮ್ಮದೇ ಕಬ್ಬು ಕಾರ್ಖಾನೆ ಸುತ್ತಿ ಬಂದು ನಮ್ಮದೇ ಪೈಪು ಕರಗಿಸುತ್ತದೆ ಎನ್ನಿ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಗ್ಯಾಸ್ಕೆಟ್ ಎಲ್ಲವನ್ನೂ ಎಥೆನಾಲ್ ತಾಳುವಂಥದ್ದಕ್ಕೆ ಬದಲಿಸಿದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎಥೆನಾಲ್ ನೀರು ಹೀರಿ, ಮಿತಿ ಮೀರಿದರೆ ಟ್ಯಾಂಕಿನ ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಆ ಪದರದಲ್ಲಿ ಆಯಿಲ್ ಇರುವುದಿಲ್ಲ, ಪೈಪು ಹೀರುವುದು ತಳದಿಂದಲೇ. ಎಂಜಿನ್ ಒಣಗಿ ಜಾಮ್ ಆಗುತ್ತದೆ. ಹಾಗಾಗಿ ಬೇಕಾದಷ್ಟೇ ಬೆರೆಸಿ, ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ಅಳತೆ 50ಕ್ಕೆ 1, ಅಂದರೆ 10 ಲೀಟರಿಗೆ 200 ಮಿಲೀ. ಆಯಿಲ್ ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂದಿರಬೇಕು. ಬೈಕಿನ 2ಟಿ ಆಯಿಲ್ ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಮಾಡಿದ್ದು, ಇದರಲ್ಲಿ ಪ್ಲಗ್ ಮೇಲೆ ಬೂದಿ ಕಟ್ಟುತ್ತದೆ.

ತಣಿಸುವ ನೀರಿನ ದಾರಿಯೇ ರಾಡಿಯ ನಿಜವಾದ ಬೇಟೆ. ಸಿಲಿಂಡರ್ ಹೆಡ್ಡಿನ ಮುಚ್ಚಳ ತೆಗೆದಾಗ ನೀರು ಹರಿಯುವ ಕಾಲುವೆಗಳಲ್ಲಿ ಎರೆಮಣ್ಣು ಸುಟ್ಟ ಇಟ್ಟಿಗೆಯಂತೆ ಕೂತಿತ್ತು. ಬಿಸಿ ನೀರಲ್ಲಿ ನೆನೆಸಿ ಮರದ ಕಡ್ಡಿಯಿಂದ ಕೆದಕಲು ಎರಡು ದಿನ ಹಿಡಿಯಿತು. ಎಂಜಿನ್ ಬಿಸಿಯಾದಾಗ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನು ಚಹದ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ಕಾಯಿಸಿದೆ. 50 ಡಿಗ್ರಿ ಹತ್ತಿರ ತೆರೆಯಲು ಶುರುವಾಗಬೇಕು, 60ಕ್ಕೆ ಪೂರ್ತಿ. ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆ ಬಾಗಿ ಸೆಟೆದುಕೊಂಡಿದ್ದವು. ಅದು ಅಗ್ಗದ ಸಾಮಾನು, ಕೇಳದೇ ಬದಲಿಸಿ. ಅದು ಕೂರುವ ಸ್ಟೀಲ್ ಬಟ್ಟಲು ಮತ್ತು ಕೆಳಗಿನ ಪ್ಲೇಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅವೂ ಹೊಸವೇ ಬೇಕು, ಇಲ್ಲವಾದರೆ ಹೊಸ ಇಂಪೆಲ್ಲರ್ ಹಾಕಿಯೂ ನೀರು ಎತ್ತುವುದಿಲ್ಲ. ಬಟ್ಟಲನ್ನು ಇಳಿಸುವಾಗ ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಒತ್ತಬೇಕು. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಚಿಕ್ಕ ಕೀ ಒಂದು ಜಾರಿ ಬೀಳುತ್ತದೆ, ಗ್ರೀಸ್ ಹಚ್ಚಿ ಹಿಡಿಸಿ.

ಪ್ರೊಪೆಲ್ಲರ್ ತೆಗೆದರೆ ಹಿಂದೆ ನೈಲಾನ್ ದಾರದ ಉಂಡೆ. ಅದು ತಿರುಗಿ ತಿರುಗಿ ಬಿಸಿಯೇರಿ, ಶಾಫ್ಟಿನ ಸುತ್ತ ನೀರು ತಡೆಯುವ ಸೀಲಿನ ತುಟಿಯನ್ನು ಕತ್ತರಿಸಿತ್ತು. ಗೇರ್ ಆಯಿಲ್ ಬೋಲ್ಟ್ ಸಡಿಲಿಸಿದಾಗ ಬಂದದ್ದು ಹಾಲು ಹೆಚ್ಚಾದ ಚಹದ ಬಣ್ಣ. ನೀರು ಸೇರಿದೆ ಎಂದೇ ಅರ್ಥ. ಶಾಫ್ಟಿನ ಎರಡೂ ಸೀಲ್ ಬದಲಿಸಿದೆ. ಹಳೇ ಸೀಲಿನ ತುಟಿ ಶಾಫ್ಟಿನಲ್ಲಿ ಗೆರೆ ಕೊರೆದಿದ್ದರಿಂದ, ಹೊಸದನ್ನು 1 ಮಿಮೀ ಒಳಕ್ಕೆ ಕೂರಿಸಿದೆ, ತುಟಿ ನುಣುಪು ಜಾಗಕ್ಕೆ ಬರಲಿ ಎಂದು. ಆಯಿಲ್ ಹಾಕುವ ಮೊದಲು ಒಂದು ತೂತಿಗೆ ಟೈರಿನ ವಾಲ್ವ್ ಅಳವಡಿಸಿ, ಸೈಕಲ್ ಪಂಪಿನಿಂದ 1 ಕೆಜಿ ಗಾಳಿ ತುಂಬಿ ಬಕೆಟ್ಟಿನಲ್ಲಿ ಮುಳುಗಿಸಿದೆ. ಗುಳ್ಳೆ ಬರಲಿಲ್ಲ. ಆಯಿಲ್ ಜಿಎಲ್-4, ಎಸ್‌ಎಇ 90, ಸುಮಾರು 250 ಮಿಲೀ. ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು. ಮೇಲಿನಿಂದ ಉಕ್ಕಿದಾಗ ಮೊದಲು ಮೇಲಿನ ಬೋಲ್ಟ್, ಆಮೇಲೆ ಕೆಳಗಿನದು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.

ಮೊದಲ ಚಾಲೂ 200 ಲೀಟರ್ ಡ್ರಮ್ಮಿನಲ್ಲಿ, ಬಯಲಲ್ಲೇ, ಪ್ರೊಪೆಲ್ಲರ್ ಕಳಚಿ, ನ್ಯೂಟ್ರಲ್‌ನಲ್ಲಿ. ನೀರು ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆಗಿಂತ ಒಂದು ಗೇಣು ಮೇಲಿರಲಿ. ಹೊತ್ತಿಕೊಂಡ ಹತ್ತು ಹದಿನೈದು ಸೆಕೆಂಡಿನಲ್ಲಿ ಹಿಂದಿನ ಸಣ್ಣ ತೂತಿನಿಂದ ಪಿಚಕಾರಿಯಂತೆ ನೀರು ಬರಬೇಕು. ಬರದಿದ್ದರೆ ಕೂಡಲೇ ಬಂದ್. ನನ್ನದು ಬಂದು, ನಿಂತು, ಮತ್ತೆ ಬಂತು. ತೂತಿನಲ್ಲಿ ಉಳಿದಿದ್ದ ಮಣ್ಣಿನ ಚೂರು, ತಂತಿ ಹಾಕಿದ ಮೇಲೆ ಸರಿಹೋಯಿತು.

ಹೊಳೆಗೆ ಇಳಿಸುವ ಮುಂಚೆ ಎಂಜಿನ್ನಿನ ಎತ್ತರ ನೋಡಿ: ಆ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ 25 ಮಿಮೀ ಕೆಳಗೆ. ಎಂಜಿನ್ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯ ನೋಂದಣಿಯೂ ಬೇಕು. ಮೇ ತಿಂಗಳ ನೀರಿನಲ್ಲಿ ಹಳೇ ಬಾಗಲಕೋಟೆಯ ಕಡೆ ಮುಳುಗಿದ ಗೋಡೆ, ಮರದ ಬುಡಗಳು ಒಂದೆರಡು ಅಡಿ ಕೆಳಗೇ ಇರುತ್ತವೆ, ಅಲ್ಲಿ ಹುಟ್ಟು ಹಾಕಿಕೊಂಡೇ ದಾಟುತ್ತೇನೆ. ಮೀಟರಿಗಿಂತ ಕಡಿಮೆ ಆಳದಲ್ಲಿ ಎಂಜಿನ್ ಓಡಿಸಿದರೆ ಎದ್ದ ರಾಡಿಯನ್ನೆಲ್ಲ ಇಂಪೆಲ್ಲರೇ ಕುಡಿಯುತ್ತದೆ. ದಂಡೆಗೆ ಬಂದ ಮೇಲೆ ಡ್ರಮ್ಮಿನ ತಿಳಿನೀರಲ್ಲಿ ಐದು ನಿಮಿಷ ಓಡಿಸಿ, ಪೆಟ್ರೋಲ್ ಪೈಪು ಕಳಚಿ, ಕಾರ್ಬುರೇಟರ್ ಖಾಲಿಯಾಗಿ ತಾನೇ ಆರುವವರೆಗೆ ಬಿಡುತ್ತೇನೆ. ಹತ್ತು ಗಂಟೆ ಓಡಿದ ಮೇಲೆ ಗೇರ್ ಆಯಿಲಿನ ಕೆಳಬೋಲ್ಟ್ ಕಾಲು ಸುತ್ತು ಸಡಿಲಿಸಿ ಎರಡು ಹನಿ ಬೆರಳಿಗೆ ತೆಗೆದುಕೊಂಡೆ. ಬಣ್ಣ ಬದಲಾಗಿರಲಿಲ್ಲ. ಪ್ರೊಪೆಲ್ಲರ್ ಹಿಂದೆ ಮಾತ್ರ ಆಗಲೇ ಗೇಣುದ್ದದ ದಾರ ಸುತ್ತಿಕೊಂಡಿತ್ತು.